ಸ್ಟೇಷನ್ನಿಗೆ ಕೊಳೆ ಹಚ್ಚಿದ್ದು

ಹೊಸದಾಗಿ ಬಣ್ಣ ಬಳಿದ ಗೋಡೆಯನ್ನು ಕಂಡರೆ ನನಗೆ ಸಮಾಧಾನವಾಗುವುದಿಲ್ಲ. ಮೊನ್ನೆ ನೆರೆಮನೆಯವರು ಮನೆಗೆಲ್ಲ ಸುಣ್ಣ ಬಳಿಸಿ, ಬೇಲಿಯ ಆಚೆಯಿಂದ ನನ್ನನ್ನು ಕರೆದು, "ಹೇಗೆ ಉಂಟು ಮಾಷ್ಟ್ರೇ?" ಎಂದು ಕೇಳಿದರು. "ಒಳ್ಳೇದುಂಟು. ಆದ್ರೆ ಇನ್ನು ಎರಡು ಮಳೆಗಾಲ ಹೋಗ್ಬೇಕು" ಎಂದುಬಿಟ್ಟೆ. ಅಂದಿನಿಂದ ಅವರು ನನ್ನೊಡನೆ ಮಾತು ಕಡಿಮೆ ಮಾಡಿದ್ದಾರೆ. ಅವರ ತಪ್ಪಲ್ಲ. ಒಂದು ಗೋಡೆ ಗೋಡೆಯಾಗಬೇಕಾದರೆ ಅದರ ಮೇಲೆ ಮಳೆ ಬೀಳಬೇಕು, ಯಾರಾದರೂ ಒರಗಬೇಕು, ಒಬ್ಬರಾದರೂ ಸುಣ್ಣದ ಬೆರಳು ಒರೆಸಬೇಕು ಎಂಬ ಸಂಗತಿಯನ್ನು ನಾನು ಕಲಿತ ಬಗೆ ಅವರಿಗೆ ಗೊತ್ತಿಲ್ಲ. ನಿಮಗಾದರೂ ಹೇಳುತ್ತೇನೆ.

ನಾನು ಆಗ ಕಾಸರಗೋಡಿನ ಒಂದು ಶಾಲೆಯಲ್ಲಿ ಚಿತ್ರ ಮತ್ತು ಕೈಕೆಲಸದ ಮಾಷ್ಟ್ರು. ನಮ್ಮ ತಾಲೂಕು ಇನ್ನೂ ದಕ್ಷಿಣ ಕನ್ನಡದಲ್ಲೇ ಇದ್ದ ಕಾಲ. ಮದುವೆಯಾಗಿ ಎರಡು ವರ್ಷವಾಗಿತ್ತು. ಕೈಯಲ್ಲಿ ಕಸುಬು ಉಂಟೆಂಬ ಜಂಬ ನನಗೆ ಧಾರಾಳವಾಗಿತ್ತು. ಅದನ್ನು ಈಗಲೂ ಪೂರ್ತಿ ಬಿಟ್ಟಿಲ್ಲ. ಕಾಗದ, ಕತ್ತರಿ, ಅಡಿಕೋಲು ಈ ಮೂರಿದ್ದರೆ ತಾಜಮಹಲನ್ನಾದರೂ ಮಾಡುತ್ತೇನೆ ಎಂದು ಸ್ಟಾಫ್ ರೂಮಿನಲ್ಲಿ ಒಮ್ಮೆ ಹೇಳಿಯೂ ಬಿಟ್ಟಿದ್ದೆ. ಹೆಡ್‌ಮಾಷ್ಟ್ರು ಅದನ್ನು ನೆನಪಿಟ್ಟಿದ್ದರು.

ಶಾಲೆಯ ಕಪಾಟಿನಲ್ಲಿ ಭೂಗೋಳದ ಉಂಡೆಯ ಪಕ್ಕ ಒಂದು ಕೀ ಕೊಡುವ ರೈಲು ಇತ್ತು. ಮುಂಬಯಿಯಲ್ಲಿದ್ದ ಹಳೆವಿದ್ಯಾರ್ಥಿಯೊಬ್ಬರು ಕೊಟ್ಟದ್ದು. ಒಂದು ಎಂಜಿನ್, ಮೂರು ಬೋಗಿ, ಉದ್ದನೆಯ ಮೊಟ್ಟೆಯಾಕಾರಕ್ಕೆ ಜೋಡಿಸುವ ತಗಡಿನ ಹಳಿ. ವಾರ್ಷಿಕೋತ್ಸವದ ವಸ್ತುಪ್ರದರ್ಶನ ಬಂದಾಗ ಹೆಡ್‌ಮಾಷ್ಟ್ರು ಅದನ್ನು ಹೊರಗೆ ತೆಗೆದು, "ತಾಜಮಹಲು ಬೇಡ. ಇದಕ್ಕೊಂದು ಸ್ಟೇಷನ್ ಮಾಡಿ. ನಮ್ಮ ಊರಿನದ್ದೇ ಆಗ್ಲಿ" ಎಂದರು.

ಊರಿನದ್ದು ಎಂದರೆ ಕುಂಬಳೆಯ ದಾರಿಯಲ್ಲಿದ್ದ ಒಂದು ಸಣ್ಣ ಸ್ಟೇಷನ್. ಹೆಸರು ಹೇಳುವುದಿಲ್ಲ, ಹೇಳಿದರೆ ಇದರಲ್ಲಿ ಬರುವವರ ಮನೆಯವರು ನನ್ನನ್ನು ಹುಡುಕಿಕೊಂಡು ಬಂದಾರು. ಯುದ್ಧದ ಕಾಲದ ನಂತರ ಅಲ್ಲಿ ಗೂಡ್ಸ್ ಶೆಡ್ಡು ದೊಡ್ಡದಾಗಿ ಹಳೆಯ ಕೆಲವು ಕಟ್ಟಡಗಳು ಹೋಗಿದ್ದವು. ನಾನು ಹಠದಿಂದ ಹಳೆಯ ಸ್ಟೇಷನ್ನನ್ನೇ ಮಾಡುತ್ತೇನೆ ಎಂದೆ. ಇದ್ದದ್ದನ್ನು ನೋಡಿ ಮಾಡುವುದು ಯಾರಿಗಾದರೂ ಬರುತ್ತದೆ, ಹೋದದ್ದನ್ನು ಮಾಡುವವನೇ ಕಸುಬುದಾರ ಎಂಬುದು ನನ್ನ ಅಂದಿನ ವಾದ.

ಶಾಲೆಯ ಚಿತ್ರದ ಕೋಣೆಯಲ್ಲಿ ಬೆಂಚುಗಳನ್ನು ಒಟ್ಟಿಗೆ ಜೋಡಿಸಿ, ನಿಜದ ಒಂದು ಅಡಿಗೆ ಕಾಲಂಗುಲದ ಲೆಕ್ಕದಲ್ಲಿ ಕೆಲಸ ಶುರುವಾಯಿತು. ಗೋಡೆಗೆ ಪಠ್ಯಪುಸ್ತಕದ ಪಾರ್ಸೆಲ್ಲಿನ ರಟ್ಟು, ಅಂಟಿಗೆ ಮೈದಾ; ಗೆದ್ದಲು ಬಾರದ ಹಾಗೆ ಅದಕ್ಕೊಂದು ಚಿಟಿಕೆ ಮೈಲುತುತ್ತು. ಅಡಿಕೆ ಹಾಳೆಯನ್ನು ನೀರಲ್ಲಿ ನೆನೆಸಿ ಅದರ ಮೇಲೆ ಬಾಚಣಿಗೆ ಎಳೆದು ಹಂಚಿನ ಸಾಲು ಮೂಡಿಸಿದೆ. ಬಾಚಣಿಗೆ ನನ್ನ ಹೆಂಡತಿ ಸುಶೀಲೆಯದು. ಕಿಟಕಿಯ ಸರಳುಗಳು ಊದುಬತ್ತಿಯ ಕಡ್ಡಿ. ಸಿಗ್ನಲ್ ಕಂಬ ಮುರಿದ ಕೊಡೆಯ ಕಡ್ಡಿ. ನೀರಿನ ಟ್ಯಾಂಕು ಹೆಡ್‌ಮಾಷ್ಟ್ರ ನಶ್ಯದ ಡಬ್ಬಿ. ಅದನ್ನು ಅವರು ಕೊಟ್ಟದ್ದೋ ನಾನು ತೆಗೆದುಕೊಂಡದ್ದೋ ಎಂಬ ಬಗ್ಗೆ ನಮ್ಮಲ್ಲಿ ಕೊನೆವರೆಗೂ ಭಿನ್ನಾಭಿಪ್ರಾಯ ಇತ್ತು. ಗೋಡೆಗೆ ಹಾಲಿನಂಥ ಬಿಳಿ, ಹಂಚಿನ ಮಾಡಿಗೆ ದಾಸವಾಳದಂಥ ಕೆಂಪು ಬಳಿದೆ. ಎದುರು ನಿಂತು ನೋಡಿದೆ. ಇನ್ನು ನೋಡುವವರು ಬರುವುದೊಂದೇ ಬಾಕಿ ಎನ್ನಿಸಿತು.

ಮೊದಲು ನೋಡಲು ಬಂದವರು ವಾಮನ ರಾಯರು. ಆ ಸ್ಟೇಷನ್ನಿನಲ್ಲಿ ಹದಿನಾರು ವರ್ಷ ಸ್ಟೇಷನ್ ಮಾಷ್ಟ್ರಾಗಿದ್ದು ನಿವೃತ್ತರಾಗಿ ಪೇಟೆಯಲ್ಲೇ ಮನೆ ಮಾಡಿದ್ದರು. ಎತ್ತರದ ಆಳು, ನೆಟ್ಟಗಿನ ಬೆನ್ನು. ಹಳೆಯ ಕಟ್ಟಡಗಳ ಅಳತೆಯನ್ನು ಹೇಳಿದವರು ಅವರೇ. ಕೊಡೆಯನ್ನು ಬಾಗಿಲಿಗೆ ಒರಗಿಸಿ, ಕನ್ನಡಕ ಏರಿಸಿ, ಬೆಂಚುಗಳ ಸುತ್ತ ಒಂದು ಸುತ್ತು ಬಂದರು.

"ಎಂತ ಮಾಷ್ಟ್ರೇ ಇದು?"

"ನಿಮ್ಮ ಸ್ಟೇಷನ್."

"ನನ್ನ ಸ್ಟೇಷನ್ ಅಲ್ಲ. ಇದು ಮದುವೆಮನೆ. ಇಲ್ಲಿ ಒಂದು ರೈಲಾದ್ರೂ ನಿಂತದ್ದುಂಟಾ? ಒಬ್ಬನಾದ್ರೂ ಟಿಕೇಟು ತೆಗೆದದ್ದುಂಟಾ?"

ನನಗೆ ಸಿಟ್ಟು ಬಂತು. ಆದರೆ ಅವರು ಹೋದ ಮೇಲೆ ನೋಡಿದರೆ ಸ್ಟೇಷನ್ ನಿಜವಾಗಿಯೂ ಮದುವೆಮನೆಯ ಹಾಗೆಯೇ ಕಂಡಿತು. ಸರಿ, ಕೊಳೆ ಬೇಕಲ್ಲ, ಹಚ್ಚೋಣ ಎಂದು ಲಾಟೀನಿನ ಗಾಜಿನ ಮಸಿಯನ್ನೆಲ್ಲ ಕೆರೆದು ಎಣ್ಣೆಯಲ್ಲಿ ಕಲಸಿ ಧಾರಾಳವಾಗಿ ಬಳಿದೆ. ಮರುವಾರ ರಾಯರು ಬಂದು, "ಈಗ ಬೆಂಕಿ ಬಿದ್ದ ಮದುವೆಮನೆ" ಎಂದು ಕೊಡೆ ತೆಗೆದುಕೊಂಡು ಹೋದರು.

ಮತ್ತೆ ಬಿಳಿ ಬಳಿದೆ. ಈ ಸಲ ಬುದ್ಧಿ ಬಂದಿತ್ತು. ಕೊಳೆ ಹೇಗಿರುತ್ತದೆ ಎಂದು ನೋಡಲು ನಿಜವಾದ ಸ್ಟೇಷನ್ನಿಗೇ ಹೋದೆ. ಪ್ಲಾಟ್‌ಫಾರ್ಮಿನಲ್ಲಿ ಗೋಡೆಗೆ ಮೂಗು ತಾಗಿಸುವಷ್ಟು ಹತ್ತಿರ ನಿಂತಿದ್ದಾಗ ಪೋರ್ಟರ್ ಬಂದ.

"ನಿಮಗೆ ಯಾವ ವಂಡಿ?"

"ಯಾವ ರೈಲೂ ಬೇಡ. ಗೋಡೆ ನೋಡ್ಲಿಕ್ಕೆ ಬಂದದ್ದು."

ಅವನು ಸ್ವಲ್ಪ ಹೊತ್ತು ನನ್ನನ್ನೂ ಗೋಡೆಯನ್ನೂ ನೋಡಿ, "ಮನೆಯಲ್ಲಿ ಯಾರೂ ಇಲ್ವಾ?" ಎಂದು ಮೆಲ್ಲಗೆ ಕೇಳಿದ.

ಆ ದಿನ ನಾನು ಕಲಿತದ್ದು, ಕೊಳೆಗೂ ಒಂದು ಕಾರಣ ಉಂಟು ಎಂಬುದು. ಅದು ಎಲ್ಲ ಕಡೆ ಕೂರುವುದಿಲ್ಲ. ಮಾಡಿನ ನೀರು ನೆಲಕ್ಕೆ ಬಿದ್ದು ಸಿಡಿಯುವಲ್ಲಿ ಗೋಡೆಯ ಬುಡ ಒಂದು ಗೇಣಿನಷ್ಟು ಮುರಮಣ್ಣಿನ ಕೆಂಪು. ಮಳೆ ಬಂದು ಅಪ್ಪಳಿಸುವ ಪಡುಗೋಡೆಗೆ ಕಪ್ಪು ಪಾಚಿ, ಮೂಡುಗೋಡೆಗೆ ಇಲ್ಲ. ಎಂಜಿನ್ ನಿಲ್ಲುವ ಜಾಗದ ಮೇಲೆ ಮಾತ್ರ ಮಾಡಿನ ಅಂಚಿಗೆ ಮಸಿ. ಟಿಕೇಟು ಕಿಟಕಿಯ ಕಟ್ಟೆ ಸಾವಿರ ಮೊಣಕೈ ಉಜ್ಜಿ ಹೊಳೆಯುತ್ತಿತ್ತು. ಅದರ ಪಕ್ಕದ ಕಂಬದಲ್ಲಿ ವೀಳ್ಯದವರು ಒರೆಸಿದ ಸುಣ್ಣದ ಗೆರೆಗಳು, ಎಲ್ಲವೂ ಒಂದೇ ಎತ್ತರದಲ್ಲಿ.

ಮನೆಗೆ ಬಂದು ಅಡುಗೆಮನೆಯನ್ನು ಸೂರೆ ಮಾಡಿದೆ. ಹಳೆಯ ಮೊಳೆಗಳನ್ನು ಹುಳಿ ಮಜ್ಜಿಗೆಯಲ್ಲಿ ನಾಲ್ಕು ದಿನ ಮುಳುಗಿಸಿ ತುಕ್ಕಿನ ಬಣ್ಣ ಮಾಡಿದೆ. ಅಂಗಳದ ಕೆಂಪು ಮಣ್ಣನ್ನು ಸುಶೀಲೆಯ ಒಳ್ಳೆಯ ಸೀರೆಯ ತುಂಡಿನಲ್ಲಿ ಜಾಲಿಸಿದೆ. ಬಾವಿಕಟ್ಟೆಯ ಪಾಚಿಯನ್ನು ಒಣಗಿಸಿ ಪುಡಿ ಮಾಡಿದೆ.

"ಕೊಳೆಗೆ ಇಷ್ಟು ಕಷ್ಟ ಯಾಕೆ?" ಎಂದಳು ಸುಶೀಲೆ. "ನಿಮ್ಮ ಅಂಗಿ ಹಿಂಡಿದ್ರೆ ಸಾಕಿತ್ತು."

ಕಟ್ಟಡ ಸರಿಹೋಗುತ್ತ ಬಂದರೂ ಸ್ಟೇಷನ್ನಿನ ಉತ್ತರ ತುದಿ ಮಾತ್ರ ಖಾಲಿ ಇತ್ತು. ಹಿಂದೆ ಅಲ್ಲಿ ಬದಿಯ ಹಳಿಯೊಂದು ಕವಲೊಡೆಯುತ್ತಿತ್ತು. ಆ ಕವಲನ್ನು ತಿರುಗಿಸುವ ಲಿವರು ಇತ್ತು. ಲಿವರಿಗೂ ಪ್ಲಾಟ್‌ಫಾರ್ಮಿಗೂ ನಡುವೆ ಸಿಗ್ನಲ್ಲಿನ ಲಾಟೀನುಗಳನ್ನಿಡುವ ದೀಪದ ಕೋಣೆ ಇತ್ತು. ಈಗ ಆ ಜಾಗದ ಮೇಲೆಲ್ಲ ಹೊಸ ಶೆಡ್ಡು. ಪ್ಲಾಟ್‌ಫಾರ್ಮಿನ ಇಳಿಜಾರು ಮುಗಿದಲ್ಲಿಂದ ಆರು ಹೆಜ್ಜೆಗೆ ದೀಪದ ಕೋಣೆ ಎಂದು ರಾಯರು ಹೇಳಿದ್ದರು. ಅದರ ಆಚೆಯದ್ದನ್ನು ಕೇಳಿದರೆ ಅವರಿಗೆ ಸ್ಪಷ್ಟ ಇರಲಿಲ್ಲ.

"ಲಿವರಿನ ಹತ್ರ ಕೆಲಸ ಮಾಡಿದವರು ಯಾರಾದ್ರೂ ಇದ್ದಾರಾ?" ಎಂದೆ.

"ಐತಪ್ಪ ಅಂತ ಇದ್ದಾನೆ. ಅವನನ್ನು ಕೇಳುವುದಾದ್ರೆ ಇನ್ನು ನನ್ನನ್ನು ಕೇಳ್ಬೇಡಿ."

ನಾನು ಮರುದಿನವೇ ರಾಯರ ಮನೆಯ ಬೀದಿ ತಪ್ಪಿಸಿ, ಸುತ್ತು ದಾರಿಯಲ್ಲಿ, ಚಂದ್ರಗಿರಿ ಹೊಳೆಯ ಬದಿಯಲ್ಲಿದ್ದ ಐತಪ್ಪಣ್ಣನ ಮನೆಗೆ ಹೋದೆ.

ಐತಪ್ಪಣ್ಣ ಗಿಡ್ಡ ಆಳು. ಲಿವರು ಎಳೆದೆಳೆದು ಬಲಗೈ ಎಡಗೈಗಿಂತ ದಪ್ಪವಾಗಿತ್ತು. ಮನೆಮಾತು ತುಳು, ನನ್ನೊಡನೆ ಕನ್ನಡದಲ್ಲಿ ಮೆಲ್ಲಗೆ, ಶಬ್ದ ಆರಿಸಿ ಮಾತಾಡುತ್ತಿದ್ದರು. ಲಿವರು ಎಲ್ಲಿ, ಕಲ್ಲಿನ ರಾಶಿ ಎಲ್ಲಿ, ಗೇರು ಮರ ಎಲ್ಲಿ ಎಂದು ಅಂಗಳದ ಮಣ್ಣಿನಲ್ಲಿ ಕಡ್ಡಿಯಿಂದ ಗೀರಿ ತೋರಿಸಿದರು. ದೀಪದ ಕೋಣೆಯ ಜಾಗ ಕೇಳಿದೆ. "ಪ್ಲಾಟ್‌ಫಾರ್ಮಿನ ಇಳಿಜಾರಿನಿಂದ ಆರು ಹೆಜ್ಜೆ. ಅದಕ್ಕೆ ತಾಗಿಯೇ ಲಿವರು" ಎಂದರು. ಅದರ ಬಾಗಿಲಿನ ಬಣ್ಣ ಕೇಳಿದೆ. "ಕಪ್ಪು" ಎಂದರು. ರಾಯರು ಹಸಿರು ಎಂದಿದ್ದರು. ಇದರ ಬಗ್ಗೆ ಮೂರು ದಿನ ತಲೆ ಕೆಡಿಸಿಕೊಂಡ ಮೇಲೆ ನನಗೆ ಹೊಳೆಯಿತು: ರಾಯರು ಆ ಬಾಗಿಲನ್ನು ನೋಡಿದ್ದು ಹೊರಗಿನಿಂದ, ಐತಪ್ಪಣ್ಣ ನೋಡಿದ್ದು ಒಳಗಿನಿಂದ, ದೀಪಗಳ ಹೊಗೆಯ ನಡುವೆ. ಹೆಬ್ಬೆರಳಿನಷ್ಟಿದ್ದ ಆ ಬಾಗಿಲಿನ ಹೊರಮೈಗೆ ಹಸಿರು ಬಳಿದೆ, ಒಳಮೈಗೆ ಮಸಿ ಹಚ್ಚಿದೆ. ಈ ಕೆಲಸದಲ್ಲಿ ನನಗೆ ತುಂಬ ಹೆಮ್ಮೆ ತಂದದ್ದು ಆ ಬಾಗಿಲು.

ರಾಯರೊಡನೆ ಎಂತ ಸಂಗತಿ ಎಂದು ಎರಡನೇ ಸಲ ಹೋದಾಗ ಕೇಳಿದೆ. ಐತಪ್ಪಣ್ಣ ಕಡ್ಡಿಯನ್ನು ಕೆಳಗಿಟ್ಟು ಹೇಳಿದರು.

ಯುದ್ಧದ ಕಾಲದಲ್ಲಿ ಒಂದು ಬೆಳಗ್ಗೆ ಹಂಚು ತುಂಬಿದ ಎರಡು ವ್ಯಾಗನ್ನುಗಳನ್ನು ಎಂಜಿನ್ ಹಿಂದಿನಿಂದ ತಳ್ಳುತ್ತ ಬದಿಯ ಹಳಿಗೆ ಹಾಕುತ್ತಿತ್ತು. ಹಾಗೆ ತಳ್ಳುವಾಗ ಡ್ರೈವರನಿಗೆ ಮುಂದಿನದು ಕಾಣುವುದಿಲ್ಲ; ಲಿವರಿನ ಬಳಿ ನಿಂತವನ ಕೈಸನ್ನೆಯೇ ಅವನಿಗೆ ಕಣ್ಣು. ವೇಗ ಹೆಚ್ಚಾಯಿತೆಂದು ರಾಯರು ಪ್ಲಾಟ್‌ಫಾರ್ಮಿನ ತುದಿಯಿಂದ ಕೆಂಪು ಬಾವುಟ ಬೀಸಿದರು. ಐತಪ್ಪಣ್ಣ ಅದನ್ನು ನೋಡಿ ಡ್ರೈವರನಿಗೆ ಕೈ ತೋರಿಸಬೇಕಿತ್ತು. ತೋರಿಸಲಿಲ್ಲ. ವ್ಯಾಗನ್ನುಗಳು ಹಳಿಯ ಕೊನೆ ದಾಟಿ ಮಗುಚಿಬಿದ್ದವು. ಯಾರಿಗೂ ಪೆಟ್ಟಾಗಲಿಲ್ಲ, ಹಂಚು ಮಾತ್ರ ಪುಡಿ. ವಿಚಾರಣೆಗೆ ಬಂದ ಅಧಿಕಾರಿ ಆಫೀಸಿನ ಒಳಗೆ ಕುಳಿತು ಎಳನೀರಿನ ಬೊಂಡ ಕುಡಿದು ರಾಯರ ವರದಿ ಓದಿದರು. ಐತಪ್ಪ ಬಾವುಟವನ್ನು ಲೆಕ್ಕಿಸಲಿಲ್ಲ ಎಂದು ಅದರಲ್ಲಿತ್ತು. ಐತಪ್ಪಣ್ಣನನ್ನು ಪಾಲ್ಘಾಟಿನ ಆಚೆ ಯಾವುದೋ ಗೇಟು ಕಾಯಲು ಹಾಕಿದರು. ಏಳು ವರ್ಷ ಅಲ್ಲೇ.

"ನಾನು ಬಾವುಟ ನೋಡ್ಲಿಲ್ಲ ಮಾಷ್ಟ್ರೇ. ಕಣ್ಣಿಗೆ ಬೀಳ್ಲೇ ಇಲ್ಲ. ಅದನ್ನು ಹೇಳಿದೆ. ರಾಯರು, 'ನಾನು ಬೀಸಿದ್ದೇನೆ' ಅಂದ್ರು. ಅವರು ಸುಳ್ಳು ಹೇಳುವವರಲ್ಲ. ಹಾಗಾದ್ರೆ ಸುಳ್ಳು ಹೇಳಿದ್ದು ನಾನೇ ಅಂತ ಆಯ್ತು."

ಐತಪ್ಪಣ್ಣ ಊರಿಗೆ ಬಂದು ನೆಲೆಸಿದ ಮೇಲೂ ಇಬ್ಬರಿಗೆ ಮಾತಿರಲಿಲ್ಲ. ಪೇಟೆಯಲ್ಲಿ ಎದುರಾದರೆ ರಾಯರು ಮುಖ ಮರೆಸಲು ಕೊಡೆ ಬಿಚ್ಚುತ್ತಿದ್ದರಂತೆ, ಬಿಸಿಲಿರಲಿ ಇಲ್ಲದಿರಲಿ.

ಪ್ರದರ್ಶನಕ್ಕೆ ಒಂದು ವಾರ ಇರುವಾಗ ಕೊನೆಯ ತಪಾಸಣೆಗೆಂದು ಇಬ್ಬರನ್ನೂ ಬೇರೆ ಬೇರೆ ದಿನ ಕರೆಯುವ ಜಾಣ್ಮೆ ಮಾಡಿದೆ. ಒಬ್ಬರಿಗೆ ಶುಕ್ರವಾರ, ಇನ್ನೊಬ್ಬರಿಗೆ ಶನಿವಾರ. ಅಡಿಗೆ ಕಾಲಂಗುಲ ತಪ್ಪದ ನಾನು ವಾರದ ದಿನಗಳಲ್ಲಿ ಮುಗ್ಗರಿಸಿದೆ. ಶನಿವಾರ ಮಧ್ಯಾಹ್ನ ರಾಯರು ಬಂದು ಐದು ನಿಮಿಷವಾಗಿರಲಿಲ್ಲ, ಐತಪ್ಪಣ್ಣ ಬಾಗಿಲಲ್ಲಿ ನಿಂತಿದ್ದರು. ಹೆಗಲ ಮೇಲಿನ ಬೈರಾಸು ಕೈಗೆ ಬಂದಿತ್ತು.

ರಾಯರು ತಿರುಗಿ ನೋಡಿದರು. ಕೊಡೆ ಮೂಲೆಯಲ್ಲಿತ್ತು, ಬಿಚ್ಚಲು ಅನುಕೂಲವಿರಲಿಲ್ಲ. ಹೋಗಬೇಕೆಂದರೆ ಬಾಗಿಲು ಒಂದೇ. ಹಾಗಾಗಿ ಅವರು ಮತ್ತೆ ಸ್ಟೇಷನ್ನಿನ ಕಡೆ ಬಗ್ಗಿದರು. ಐತಪ್ಪಣ್ಣ ಒಳಗೆ ಬಂದು ಬೆಂಚಿನ ಆ ತುದಿಗೆ, ಲಿವರಿದ್ದಲ್ಲಿಗೆ, ಹೋಗಿ ನಿಂತರು.

ಸ್ವಲ್ಪ ಹೊತ್ತಿನ ಮೇಲೆ ರಾಯರು ಮಾಡಿನ ಅಂಚಿನ ಮಸಿಯನ್ನು ಬೆರಳಿನಿಂದ ಮುಟ್ಟಿದರು. ಬೆರಳಿಗೇನೂ ಹತ್ತಲಿಲ್ಲ.

"ಈಗ ಬಂತು ಸ್ಟೇಷನ್" ಎಂದರು.

ಐತಪ್ಪಣ್ಣ ನನ್ನತ್ತ ನೋಡಿ, "ಟ್ಯಾಂಕಿನ ಅಡಿಯಲ್ಲಿ ಇನ್ನೂ ಸ್ವಲ್ಪ ತುಕ್ಕು ಬೇಕು ಮಾಷ್ಟ್ರೇ, ಅದು ಸೋರ್ತಿತ್ತು" ಎಂದರು. ರಾಯರು ನನ್ನತ್ತಲೇ ನೋಡಿ, "ಸೋರ್ತಿದ್ದದ್ದು ಹೌದು ಅಂತ ಹೇಳಿ" ಎಂದರು. ಎರಡಾಳು ಉದ್ದದ ಬೆಂಚಿನ ಎರಡು ತುದಿಯಲ್ಲಿದ್ದವರ ನಡುವೆ ನಾನು ಹೀಗೆ ಕಾಲು ಗಂಟೆ ಅಂಚೆ ಹಂಚಿದೆ.

ಆಮೇಲೆ ಐತಪ್ಪಣ್ಣ ಕೇಳಿದರು: "ಎಲ್ಲ ಉಂಟು. ಜನ ಎಲ್ಲಿ?"

ನಿಜ ಹೇಳಬೇಕೆಂದರೆ ಜನ ನನ್ನ ಮೇಜಿನ ಖಾನೆಯಲ್ಲಿದ್ದರು. ಗೋಡೆ ಮಾಡುವ ನನ್ನ ಕೈಗೆ ಮನುಷ್ಯರು ಒಲಿಯುವುದಿಲ್ಲ. ಆವೆಮಣ್ಣಿನಲ್ಲಿ ಇಬ್ಬರನ್ನು ಮಾಡಿದ್ದೆ. ಇಬ್ಬರೂ ನೆಲಗಡಲೆಯ ಹಾಗೆ ಕಾಣುತ್ತಿದ್ದರು. ಸ್ಟೇಷನ್ ಮಾಷ್ಟ್ರಿಗೆ ಬಿಳಿ ಕೋಟು, ಲಿವರಿನವನಿಗೆ ನೀಲಿ ಅಂಗಿ ಬಳಿದಿದ್ದರಿಂದ ಯಾರು ಯಾರು ಎಂದು ತಿಳಿಯುತ್ತಿತ್ತು, ಅಷ್ಟೆ. ನಾಚಿಕೊಂಡೇ ತೆಗೆದು ಕೊಟ್ಟೆ.

ರಾಯರು ಬಿಳಿ ಕೋಟಿನವನನ್ನು ಎರಡು ಬೆರಳಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. ಮತ್ತೆ ಅವನನ್ನು ಆಫೀಸಿನ ಎದುರು ಇಡದೆ ಪ್ಲಾಟ್‌ಫಾರ್ಮಿನ ಉತ್ತರ ತುದಿಗೆ ಒಯ್ದು ನಿಲ್ಲಿಸಿದರು.

"ನಾನು ಇಲ್ಲಿ ನಿಂತದ್ದು" ಎಂದರು. ಇದು ನನಗೆ ಹೇಳಿದ್ದಲ್ಲ.

ಐತಪ್ಪಣ್ಣ ನೀಲಿ ಅಂಗಿಯವನನ್ನು ಲಿವರಿನ ಬಳಿ ಇಟ್ಟರು. "ನಾನು ಇಲ್ಲಿ."

ಇಬ್ಬರ ನಡುವೆ, ಹಸಿರು ಬಾಗಿಲಿನ ದೀಪದ ಕೋಣೆ.

ರಾಯರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಆ ನೆಟ್ಟಗಿನ ಬೆನ್ನನ್ನು ಬಗ್ಗಿಸಿ, ಕೆನ್ನೆ ಬೆಂಚಿಗೆ ತಾಗುವಷ್ಟು ಕೆಳಗಿಳಿದು, ಬಿಳಿ ಕೋಟಿನವನ ಹಿಂದಿನಿಂದ ನೋಡಿದರು. ಎದ್ದರು. ನನ್ನನ್ನು ಕೇಳಿದರು:

"ಈ ಕೋಣೆಯನ್ನು ಸರಿಯಾದ ಜಾಗದಲ್ಲೇ ಇಟ್ಟಿದ್ದೀರಾ?"

ಒಂದು ಕ್ಷಣ ನನಗೆ ಕಷ್ಟವಾಯಿತು. ಬೆರಳಿನಿಂದ ಒಂದಂಗುಲ ಆಚೆ ಸರಿಸಿ, "ಇಲ್ಲ, ಸ್ವಲ್ಪ ಹೆಚ್ಚುಕಮ್ಮಿ" ಎಂದಿದ್ದರೆ ಎಲ್ಲವೂ ಇದ್ದ ಹಾಗೆ ಇರುತ್ತಿತ್ತು. ರಾಯರು ಹಿರಿಯರು, ನನಗೆ ಉಪಕಾರ ಮಾಡಿದವರು. ಆದರೆ ಅಳತೆಯ ವಿಷಯದಲ್ಲಿ ಸುಳ್ಳು ಹೇಳಲು ನನಗೆ ಬರುವುದಿಲ್ಲ. ಜಂಬ ಅಡ್ಡ ಬರುತ್ತದೆ.

"ನೀವು ಹೇಳಿದಲ್ಲೇ ಇಟ್ಟದ್ದು, ಆರು ಹೆಜ್ಜೆ" ಎಂದೆ. "ಅವರು ಹೇಳಿದ್ದೂ ಆರೇ. ನನ್ನ ಅಳತೆಯಲ್ಲಿ ತಪ್ಪಿಲ್ಲ."

ರಾಯರು ಬೆಂಚು ಸುತ್ತಿ ಆ ತುದಿಗೆ ಹೋದರು. ಐತಪ್ಪಣ್ಣ ಸರಿದು ಜಾಗ ಕೊಟ್ಟರು. ಅಲ್ಲಿಯೂ ಬಗ್ಗಿ, ನೀಲಿ ಅಂಗಿಯವನ ಎತ್ತರಕ್ಕೆ ಕಣ್ಣಿಟ್ಟು ನೋಡಿದರು. ಅಲ್ಲಿಂದ ಕಾಣುವುದು ದೀಪದ ಕೋಣೆಯ ಗೋಡೆ ಮಾತ್ರ. ನಾನು ಬಹಳ ಮುತುವರ್ಜಿಯಿಂದ ಪಾಚಿ ಹಚ್ಚಿದ ಗೋಡೆ. ಪ್ಲಾಟ್‌ಫಾರ್ಮಿನ ತುದಿ ಇಲ್ಲ, ಬಿಳಿ ಕೋಟಿಲ್ಲ, ಬಾವುಟ ಹಿಡಿಯುವ ಕೈಯೂ ಇಲ್ಲ.

ಅವರು ಎದ್ದಾಗ ಕೆನ್ನೆಗೆ ಕೆಂಪು ಮಣ್ಣು ಹತ್ತಿತ್ತು.

"ಐತಪ್ಪ, ನಿನಗೆ ಕಾಣ್ಲಿಕ್ಕೆ ಸಾಧ್ಯವೇ ಇರ್ಲಿಲ್ಲ."

"ನಾನು ಅವತ್ತೇ ಹೇಳಿದ್ದೆ ರಾಯರೇ."

"ಹೇಳಿದ್ದಿ. ನಾನು ವ್ಯಾಗನ್ ನೋಡ್ತಾ ಇದ್ದೆ. ನಿನ್ನನ್ನು ನೋಡ್ಲೇ ಇಲ್ಲ. ಬಾವುಟ ಬೀಸಿದ್ರೆ ನೀನು ನೋಡಿಯೇ ನೋಡ್ತಿ ಅಂತ ಗ್ರಹಿಸಿದೆ." ದೀಪದ ಕೋಣೆಗೆ ಬೆರಳು ತೋರಿಸಿ ಹೇಳಿದರು: "ಆರು ಹೆಜ್ಜೆ ನಡೆದು ನೋಡಿದ್ರೆ ಮುಗೀತಿತ್ತು. ನಡೀಲಿಲ್ಲ."

ಐತಪ್ಪಣ್ಣ ಬೈರಾಸನ್ನು ಮಡಚಿದರು, ಬಿಚ್ಚಿದರು, ಮಡಚಿದರು. "ದೊಡ್ಡ ಮಗಳ ಮದುವೆಗೆ ರಜೆ ಸಿಗ್ಲಿಲ್ಲ ನನಗೆ. ಧಾರೆ ಎರೆದದ್ದು ಅವಳ ಸೋದರಮಾವ" ಎಂದರು. ದೂರಿನ ದನಿಯಲ್ಲಿ ಅಲ್ಲ. ಹೇಳದೆ ಬಿಡಬಾರದು ಎನ್ನುವ ಹಾಗೆ.

ರಾಯರು ಅಲ್ಲಿದ್ದ ಒಂದೇ ಕುರ್ಚಿಯನ್ನು ತಾವೇ ಎಳೆದು ತಂದು ಐತಪ್ಪಣ್ಣನ ಹತ್ತಿರ ಇಟ್ಟರು. ಐತಪ್ಪಣ್ಣ ಕುಳಿತುಕೊಳ್ಳಲಿಲ್ಲ. ರಾಯರೂ ಕುಳಿತುಕೊಳ್ಳಲಿಲ್ಲ. ಬಹಳ ಹೊತ್ತು ಇಬ್ಬರೂ ಆ ಕುರ್ಚಿಯ ಆಚೆ ಈಚೆ ನಿಂತೇ ಇದ್ದರು. ನಾನು ಹೊರಗೆ ಹೋಗಿ ವರಾಂಡದಲ್ಲಿ ಬ್ರಶ್ಶು ತೊಳೆದೆ. ತೊಳೆದ ಬ್ರಶ್ಶನ್ನೇ ಮತ್ತೆ ತೊಳೆದೆ.

ಆ ವಾರವೇ ರಾಯರು ರೈಲ್ವೆಯ ಮೇಲಿನವರಿಗೆ ಇಂಗ್ಲಿಷಿನಲ್ಲಿ ಮೂರು ಪುಟದ ಪತ್ರ ಬರೆದು, ನನ್ನಿಂದ ನಕ್ಷೆಯನ್ನೂ ಬರೆಸಿ, ತಮ್ಮ ವರದಿ ತಪ್ಪಾಗಿತ್ತು ಎಂದು ಸಹಿ ಹಾಕಿ ಕಳಿಸಿದರು. ಅಷ್ಟು ಹಳೆಯ ಕಡತ ಈಗ ಸಿಗುವುದಿಲ್ಲ ಎಂಬ ಎರಡು ಸಾಲಿನ ಉತ್ತರ ಬಂದದ್ದು ಮಳೆಗಾಲ ಕಳೆದ ಮೇಲೆ. ಆದರೆ ರಾಯರು ಉತ್ತರಕ್ಕೆ ಕಾದು ಕುಳಿತವರಲ್ಲ.

ಪ್ರದರ್ಶನದ ದಿನ ಬೆಳಗ್ಗೆ ಎಂಟಕ್ಕೇ ಅವರು ಇಸ್ತ್ರಿ ಹಾಕಿದ ಬಿಳಿ ಕೋಟು ತೊಟ್ಟು ಬಂದು ಬೆಂಚಿನ ಪಕ್ಕ ನಿಂತರು. ಬಂದವರಿಗೆ ಪಾಚಿ, ತುಕ್ಕು, ಸುಣ್ಣದ ಗೆರೆ, ಎರಡು ಬಣ್ಣದ ಬಾಗಿಲು ಎಲ್ಲವನ್ನೂ ವಿವರಿಸಲು ನಾನು ಮಾತು ಸಿದ್ಧಮಾಡಿಕೊಂಡಿದ್ದೆ. ಅವಕಾಶವೇ ಸಿಗಲಿಲ್ಲ. ವಕೀಲರಿರಲಿ, ಜವಳಿ ಅಂಗಡಿಯವರಿರಲಿ, ಅದೇ ಸ್ಟೇಷನ್ನಿನಲ್ಲಿ ಕೆಲಸ ಮಾಡಿದ ಹಳಬರಿರಲಿ, ರಾಯರು ಒಬ್ಬೊಬ್ಬರನ್ನೇ ಹಿಡಿದು, "ಸ್ವಲ್ಪ ಬಗ್ಗಿ ನೋಡಿ. ಇಲ್ಲಿ ನಾನು. ಅಲ್ಲಿ ಐತಪ್ಪ. ಕಾಣ್ತದಾ? ಕಾಣುದಿಲ್ಲ. ತಪ್ಪು ನನ್ನದು, ದಂಡ ಅವನಿಗೆ" ಎಂದು ಹೇಳುತ್ತಿದ್ದರು. ಊರಿನ ಅರ್ಧ ಜನ ಆ ದಿನ ನನ್ನ ಬೆಂಚಿನ ಎದುರು ಬೆನ್ನು ಬಗ್ಗಿಸಿದರು. ನನ್ನ ಪಾಚಿಯ ಬಗ್ಗೆ ಒಬ್ಬರೂ ಒಂದು ಮಾತು ಆಡಲಿಲ್ಲ. ಸುಶೀಲೆ ಮಾತ್ರ, "ಸೀರೆಯ ಮಣ್ಣು ಚೆಂದ ಕೂತಿದೆ" ಎಂದಳು.

ಮಧ್ಯಾಹ್ನದ ಹೊತ್ತಿಗೆ ಐತಪ್ಪಣ್ಣನೇ ಬಂದು ರಾಯರ ತೋಳು ಹಿಡಿದರು. "ಸಾಕು ರಾಯರೇ. ಜನ ರೈಲು ನೋಡ್ಲಿಕ್ಕೆ ಬಂದದ್ದು. ರೈಲು ಬಿಡುವಾ."

ರಾಯರು ಎಂಜಿನ್ನಿಗೆ ಕೀ ಕೊಟ್ಟು ಐತಪ್ಪಣ್ಣನ ಕೈಗಿತ್ತರು. ಐತಪ್ಪಣ್ಣ ಅದನ್ನು ಹಳಿಯ ಮೇಲಿಟ್ಟು ಚಕ್ರವನ್ನು ಬೆರಳಿನಿಂದ ತಡೆದು ಹಿಡಿದರು. ರಾಯರು ಸ್ಟೇಷನ್ನಿನ ತುದಿಗೆ ಹೋಗಿ ಕಿಸೆಯಿಂದ ಹಸಿರು ಕರವಸ್ತ್ರ ತೆಗೆದರು. ಬೀಸುವ ಮೊದಲು ಒಂದು ಹೆಜ್ಜೆ ಬಲಕ್ಕೆ ಸರಿದರು.

"ಐತಪ್ಪ, ಕಾಣ್ತದಾ ನಿನಗೆ?"

"ಕಾಣ್ತದೆ ರಾಯರೇ."

ರೈಲು ಹೊರಟಿತು. ಮೊದಲ ಸುತ್ತು ಚೆಂದಕ್ಕೆ ಹೋಯಿತು. ಎರಡನೇ ಸುತ್ತಿನಲ್ಲಿ ಉತ್ತರದ ತಿರುವಿನ ಜೋಡಣೆಯಲ್ಲಿ ಎಂಜಿನ್ ಒಮ್ಮೆ ಕುಪ್ಪಳಿಸಿ, ಮೂರೂ ಬೋಗಿಗಳ ಸಮೇತ ನನ್ನ ಗೇರು ಮರದ ಮೇಲೆ ಮಗುಚಿ ಬಿತ್ತು.

ರಾಯರು ಬಗ್ಗಿ ಹಳಿಯನ್ನು ಪರೀಕ್ಷಿಸಿದರು. ಐತಪ್ಪಣ್ಣನೂ ಬಗ್ಗಿದರು. ಇಬ್ಬರೂ ತಲೆಗೆ ತಲೆ ತಾಗಿಸಿ, ಆ ಜೋಡಣೆಯನ್ನು ಉಗುರಿನಿಂದ ಮುಟ್ಟಿ ಮುಟ್ಟಿ ನೋಡಿದರು.

"ಈ ಹಳಿ ಜೋಡಿಸಿದ್ದು ಯಾರು?" ಎಂದರು ರಾಯರು.

"ಮಾಷ್ಟ್ರು" ಎಂದರು ಐತಪ್ಪಣ್ಣ.

ಇಬ್ಬರೂ ಸ್ಥಳಕ್ಕೇ ಬಂದು, ಕಣ್ಣಾರೆ ನೋಡಿ, ಒಮ್ಮತದಿಂದ ಕೊಟ್ಟ ವರದಿ ಅದು. ನಾನು ಒಪ್ಪಿಕೊಂಡೆ.